ಅಕ್ಕನ ಬಿಳಿ ಕೋಟು

ಕಣಗಲಾ ಊರಿನಲ್ಲಿರುವ ಅಕ್ಕನ ಮನೆಯಲ್ಲಿ ಮೊನ್ನೆ ಬಟ್ಟೆ ಸೀದ ವಾಸನೆ ಬಂತು. ಅಡುಗೆಮನೆಗೆ ಹೋಗಿ ನೋಡಿದರೆ, ಚಹಾದ ಪಾತ್ರೆ ಇಳಿಸುವ ಮಸಿಅರಿವೆಯ ತುದಿಗೆ ಗ್ಯಾಸಿನ ಉರಿ ತಾಗಿತ್ತು. ಆರಿಸಿ, ಬಿಡಿಸಿ ಹಿಡಿದೆ. ತೋಳಿತ್ತು. ಕಿಸೆಯಿತ್ತು. ಕಿಸೆಯ ಮೇಲೆ ನೀಲಿ ದಾರದಲ್ಲಿ ಅಕ್ಕನ ಹೆಸರಿತ್ತು.

ನನ್ನ ಸಿಟ್ಟು ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಮದುವೆಮನೆಯಲ್ಲಿ ನನ್ನನ್ನು ಬೀಗರಿಂದ ದೂರವೇ ಕೂಡಿಸುತ್ತಾರೆ. ಆದರೆ ಈ ಸಿಟ್ಟಿಗೆ ಕಾರಣವಿದೆ, ಕೇಳಿ. ನಮ್ಮೂರು ಮಮದಾಪುರದಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಜೋತುಬಿದ್ದು ಹೋಗಿ ಅಕ್ಕ ಬಿ.ಎಸ್ಸಿ. ಮುಗಿಸಿದಳು. ಹುಕ್ಕೇರಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಅಲ್ಲಿ ತೊಡುವ ಬಿಳಿ ಕೋಟಿನ ಮೇಲೆ ಹೆಸರು ಹೊಲಿದವಳು ಅವ್ವ. ಮೊದಲ ದಿನ ಅಕ್ಕ ಅದನ್ನು ಬಸ್ಸಿನಲ್ಲೂ ತೊಟ್ಟುಕೊಂಡೇ ಹೋದಳು. ಕಂಡಕ್ಟರು "ಡಾಕ್ಟರಬಾಯಾರಿಗೆ ಜಾಗಾ ಬಿಡ್ರಿ" ಎಂದನಂತೆ. ಎಷ್ಟೋ ದಿನ ಅದನ್ನೇ ಹೇಳಿಕೊಂಡು ನಗುತ್ತಿದ್ದಳು.

ಅವಳನ್ನು ನೋಡಲು ಬಂದವರಿಗೆ ಅಪ್ಪ ಕೇಳಿದ್ದು ಒಂದೇ ಮಾತು: "ಕೆಲಸಕ್ಕ ಕಳಸ್ತೀರಲ್ರಿ?"

"ಮದುವಿ ಆಗ್ಲಿ ತಗೋರಿ, ಆಮ್ಯಾಲ ನೋಡೂಣು. ನಮಗೂ ಕಲ್ತ ಸೊಸಿನ ಬೇಕ್ರಿ," ಎಂದಿದ್ದರು ಅಕ್ಕನ ಅತ್ತೆ.

ಏನು ನೋಡಿದರು, ಮಣ್ಣು! ಶ್ರಾವಣ ಮುಗಿಯಲಿ ಎಂದರು. ಬಾಣಂತನ ಮುಗಿಯಲಿ ಎಂದರು. ಕೂಸು ಸಾಲೆಗೆ ಹೋಗಲಿ ಎಂದರು. ಕಡೆಗೆ, ಇಷ್ಟು ವರ್ಷ ಮನೆಯಲ್ಲಿದ್ದವಳಿಗೆ ಇನ್ನೆಲ್ಲಿಯ ನೌಕರಿ ಎಂದುಬಿಟ್ಟರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ನಯವಾಗಿ ಮುಂದಕ್ಕೆ ಹಾಕುತ್ತ ಹಾಕುತ್ತಲೇ ಮುಗಿಸಿದರು. ಮೇಲೆ ಊರ ತುಂಬ "ನಮ್ಮ ಸೊಸಿ ಬಿ.ಎಸ್ಸಿ." ಎಂಬ ಜಂಬ ಬೇರೆ! ನನಗೆ ಹೊಟ್ಟೆ ಉರಿಯುತ್ತದೆ. ರೊಟ್ಟಿ ಬಡಿಯಲಿಕ್ಕೆ ಬಿ.ಎಸ್ಸಿ. ಯಾಕೆ ಬೇಕಿತ್ತು ಇವರಿಗೆ?

ಮೊನ್ನೆ ಪಡಸಾಲೆಯಲ್ಲಿ ಕುಳಿತಿದ್ದವರು ಅಕ್ಕನ ಮಗಳನ್ನು ನೋಡಲು ಬಂದವರು. ಹುಡುಗಿ ಮೂಡಲಗಿಯಲ್ಲಿ ಬಾಡಿಗೆ ಖೋಲಿ ಹಿಡಿದುಕೊಂಡು ಸಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಹುಡುಗನ ತಾಯಿಯ ಮಾತು ಒಳಗೆ ಕೇಳಿಸಿತು: "ನೌಕರಿದೇನೈತ್ರಿ, ಮದುವಿ ಆಗ್ಲಿ, ಆಮ್ಯಾಲ ನೋಡೂಣು."

ನಾನು ಸೆರಗು ಸೊಂಟಕ್ಕೆ ಸಿಗಿಸಿ ಹೊರಟೆ. ಅಕ್ಕ ನನ್ನ ಕೈಯಿಂದ ಕೋಟು ಕಸಿದುಕೊಂಡಳು. ಅದರಲ್ಲೇ ಬಿಸಿ ಪಾತ್ರೆ ಹಿಡಿದು ಹೊರಗೆ ಹೋಗಿ ಅವರ ಮುಂದಿಟ್ಟಳು. ಕೋಟನ್ನು ಪಕ್ಕದಲ್ಲಿ ಹರವಿದಳು.

"ನೋಡ್ರಿ ಅಕ್ಕಾರ, ಇದು ನನ್ನ ಕೆಲಸದ ಕೋಟು. ನನಗೂ ಹಿಂಗ ಅಂದಿದ್ರು, ಆಮ್ಯಾಲ ಆಗಿದ್ದು ಇದು. ನನ್ನ ಮಗಳು ಮದುವಿ ಆದ್ರೂ ಸಾಲಿಗೆ ಹೋಗಾಕೀನ. ಹೂಂ ಅಂತಿದ್ರ ಚಾ ಕುಡೀರಿ."

ಭಾವ ನೆಲ ನೋಡಿದರು. ಅಕ್ಕನ ಅತ್ತೆ "ಮರ್ಯಾದಿ ಕಳದಿ!" ಎಂದು ಹಣೆ ಬಡಿದುಕೊಂಡರು. ಚಹಾ ಯಾರೂ ಕುಡಿಯಲಿಲ್ಲ. ಅಷ್ಟು ಹೊತ್ತು ಒಳಗೇ ಮಸೆದಿಟ್ಟುಕೊಂಡಿದ್ದ ನನ್ನ ಭಾಷಣ ಯಾರಿಗೂ ಬೇಕಾಗಲಿಲ್ಲ.

ಸೋಮವಾರ ಹುಡುಗಿ ಬೆಳಗಿನ ಬಸ್ಸಿಗೆ ಮೂಡಲಗಿಗೆ ಹೋದಳು. ಒಗೆದ ಕೋಟು ಸುಟ್ಟ ತೂತಿನ ಸಮೇತ ಹಿತ್ತಲ ತಂತಿಯ ಮೇಲಿತ್ತು. ಒಲೆಯ ಬಳಿ ಹೊಸ ಮಸಿಅರಿವೆ ಕಂಡಿತು. ಎತ್ತಿ ನೋಡಿದರೆ ಭಾವನ ಮದುವೆಯ ಅಂಗಿಯ ತೋಳು, ಅಕ್ಕನೇ ಕತ್ತರಿಸಿದ್ದು. ಅದರಿಂದ ಪಾತ್ರೆ ಇಳಿಸುವ ಖುಷಿಗೇ, ಯಾರಿಗೂ ಬೇಡವಾಗಿದ್ದರೂ ನಾನು ಇನ್ನೊಮ್ಮೆ ಚಹಾ ಕಾಸಿದೆ.