ಚಕ್ರದ ಹಿಂದಿನ ಕಿತ್ತಳೆ

ಅಥವಾ ಆ ಹಣ್ಣು ಒಡೆಯಲೇ ಇಲ್ಲವೇನೋ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ನನಗೆ ಜೀಪು ಕಲಿಸುವಾಗ ಹಿಂದಿನ ಚಕ್ರದ ಬುಡದಲ್ಲಿ ಕಿತ್ತಳೆಯೊಂದನ್ನು ಇಟ್ಟಳು, ನಾನು ಅದನ್ನು ಅಪ್ಪಚ್ಚಿ ಮಾಡಿದೆ, ರಸದ ವಾಸನೆ ಡೀಸೆಲ್ ಹೊಗೆಯ ಜೊತೆ ಬೆರೆತು ಮೂಗಿಗೆ ಬಂತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅತ್ತೆಯ ಪ್ರಕಾರ ಹಾಗೇನೂ ಆಗಲಿಲ್ಲ.

"ಒಡೀಲಿಕ್ಕೆ ಗಾಡಿ ಹಿಂದಕ್ಕೆ ಬರ್ಬೇಕಲ್ಲ? ನೀವು ಕ್ಲಚ್ ಬಿಟ್ಟ ಕೂಡ್ಲೆ ಅದು ಒಂದ್ಸಲ ಕುಣಿದು ಆಫ್ ಆಯ್ತು. ನೀವು ಬ್ರೇಕ್ ಮೇಲೆ ಕಾಲಿಟ್ಟು ದೇವರ ಹಾಗೆ ಕೂತಿದ್ರಿ. ಆ ಹಣ್ಣು ತಿಂದದ್ದು ನಾನೇ."

ಹೆಂಡತಿಯನ್ನು ಕೇಳಿದರೆ, "ನೀವಿಬ್ರೂ ಸೇರಿ ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ನನ್ನ ಕರೀರಿ" ಎನ್ನುತ್ತಾಳೆ. ಹಾಗಾಗಿ ಮೂಗಿನಲ್ಲಿ ಉಳಿದಿರುವ ಆ ವಾಸನೆ ಎಲ್ಲಿಂದ ಬಂತೆಂದು ಈಗ ಹೇಳಲಾರೆ. ಕಳೆದ ಡಿಸೆಂಬರಿನಲ್ಲಿ ನಡೆದದ್ದನ್ನು ಬರೆಯಲು ಹೊರಟವನು ಇಲ್ಲಿಂದ ಶುರುಮಾಡುತ್ತಿರುವುದು ಅದಕ್ಕೇ. ಅಲ್ಲೂ ಒಂದು ಹಣ್ಣಿದೆ. ಅದರ ಬಗ್ಗೆಯೂ ನನ್ನ ಮಾತನ್ನು ಪೂರ್ತಿ ನಂಬಬೇಡಿ.

ಗಾಳಿಬೀಡಿನ ನಮ್ಮ ಮನೆಗೆ ರಸ್ತೆಯಿಂದ ಒಂದು ಏರು. ಗೇಟಿನ ಹತ್ತಿರ ಅದು ಇನ್ನೂ ಕಡಿದಾಗುತ್ತದೆ. ಅಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಜಾರಲು ಬಿಡದೆ ಮುಂದಕ್ಕೆ ಎಬ್ಬಿಸಲು ಬಂದರೆ ಮಾತ್ರ ಈ ಮನೆಯಲ್ಲಿ ಡ್ರೈವಿಂಗ್ ಬಂದಂತೆ. ಮಾವ ಬದುಕಿದ್ದಾಗ ಮಕ್ಕಳ ಕೈಗೆ ಕೀ ಕೊಡುವ ಮೊದಲು ಜೀಪನ್ನು ಅಲ್ಲಿ ನಿಲ್ಲಿಸಿ, ಹಿಂದಿನ ಚಕ್ರದಿಂದ ಬೆರಳಷ್ಟು ಜಾಗ ಬಿಟ್ಟು ಒಂದು ಕಿತ್ತಳೆ ಇಡುತ್ತಿದ್ದರಂತೆ. ಹಣ್ಣು ಒಡೆದರೆ ಕೀ ಇಲ್ಲ. ಲೈಸೆನ್ಸ್ ಸಿಕ್ಕಿದ್ದರೂ ಇಲ್ಲ. ಅಂಗಡಿಯ ಹಣ್ಣು ನಡೆಯುವುದಿಲ್ಲ. ಅದರ ಸಿಪ್ಪೆ ಸಡಿಲ, ಚಕ್ರ ತಾಗಿದರೂ ತಾಗದಂತೆ ನಟಿಸುತ್ತದೆ. ಹಿತ್ತಲಿನ ಮರದ ಹಣ್ಣೇ ಆಗಬೇಕು. ಕಿತ್ತಳೆ ಗಿಡಗಳೆಲ್ಲ ರೋಗ ಬಂದು ಹೋದ ಮೇಲೂ ಅಡುಗೆಮನೆಯ ಹಿಂದೆ ಒಂದನ್ನು ಉಳಿಸಿಕೊಂಡಿದ್ದಾರೆ. ತಿನ್ನಲಿಕ್ಕೋ ಪರೀಕ್ಷೆಗೋ ಎಂದು ನಾನು ತಮಾಷೆ ಮಾಡುವುದುಂಟು.

ಭಾವ ಆ ಮರದ ಅರ್ಧ ಫಸಲನ್ನು ಚಕ್ರದಡಿ ಹಾಕಿದರಂತೆ. ನನ್ನ ಹೆಂಡತಿ ಮೊದಲ ಸಲಕ್ಕೇ ಪಾಸಾದಳಂತೆ. ಎಲ್ಲರೂ ಒಂದೇ ರೀತಿ ಹೇಳುವ ಕಥೆಯ ಬಗ್ಗೆ ನನಗೆ ಅನುಮಾನ ಜಾಸ್ತಿ. ಆದರೆ ಈ ಕಥೆಯನ್ನು ನಂಬುತ್ತೇನೆ. ಅವಳು ಓಡಿಸುವುದನ್ನು ದಿನವೂ ಪಕ್ಕದಲ್ಲಿ ಕೂತು ನೋಡುವವನು ನಾನು. ಅವಳಿಗೆ ಸುಂಟಿಕೊಪ್ಪದಲ್ಲಿ ಹೊಲಿಗೆ ಅಂಗಡಿ ಇದೆ, ನನಗೆ ಮಡಿಕೇರಿಯಲ್ಲಿ ಪಾಠ. ಬೆಳಿಗ್ಗೆ ನನ್ನನ್ನು ಕಾಲೇಜಿನ ಹತ್ತಿರ ಇಳಿಸಿ ಮುಂದೆ ಹೋಗುತ್ತಾಳೆ, ಸಂಜೆ ಹತ್ತಿಸಿಕೊಂಡು ಬರುತ್ತಾಳೆ. ನಮ್ಮ ಸಂಸಾರದ ಮಾತುಕತೆಯ ಬಹುಪಾಲು ಆ ಗಾಡಿಯೊಳಗೆ ನಡೆದಿದೆ. ಜಗಳವೂ ಅಲ್ಲೇ. ಸಿಟ್ಟು ಬಂದಾಗಲೂ ಅವಳು ಗೇರು ಬದಲಿಸಿದ್ದು ನನಗೆ ತಿಳಿಯುತ್ತಿರಲಿಲ್ಲ.

ಈಗ ಮಂಡಿಯ ವಿಷಯ. ಎಡಗಾಲಿನದು. ಯಾವಾಗ ಶುರುವಾಯಿತೋ ಗೊತ್ತಿಲ್ಲ, ಅವಳು ಹೇಳಲಿಲ್ಲ. ನನಗೆ ಕಂಡದ್ದು ಒಂದು ಭಾನುವಾರ. ಪ್ರವಾಸಿಗರ ಕಾರುಗಳು ಮಡಿಕೇರಿಯ ಏರಿನಲ್ಲಿ ಬಾಲಕ್ಕೆ ಬಾಲ ತಾಗಿಸಿ ನಿಂತಿದ್ದವು. ಒಂದು ಅಡಿ ಮುಂದೆ, ನಿಲ್ಲು, ಇನ್ನೊಂದು ಅಡಿ. ಪ್ರತಿ ಸಲ ಕ್ಲಚ್ ಒತ್ತುವಾಗಲೂ ಅವಳ ಕೆಳತುಟಿ ಒಳಗೆ ಹೋಗುತ್ತಿತ್ತು. ಮನೆಗೆ ಬಂದು ಇಳಿಯುವಾಗ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಬೇರೆ ಯಾರದೋ ಸಾಮಾನು ಇಳಿಸುವಂತೆ ಹೊರಗಿಟ್ಟಳು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಸವೆದಿದೆ, ಕ್ಲಚ್ ಒತ್ತುವುದನ್ನು ಕಡಿಮೆ ಮಾಡಿ ಎಂದರು.

"ಆ ಡಾಕ್ಟ್ರ ಮನೆ ಮೈದಾನದಲ್ಲಿ ಉಂಟು, ಅದಕ್ಕೇ ಹೇಳ್ತಾರೆ" ಎಂದಳು ಹೊರಗೆ ಬಂದು.

ಹಳೆಯ ಗಾಡಿಗೂ ವಯಸ್ಸಾಗಿತ್ತು. ಚಿಕ್ಕ ಎಸ್‌ಯುವಿ ಒಂದನ್ನು ತೆಗೆದುಕೊಳ್ಳುವುದೆಂದು ಮೊದಲೇ ತೀರ್ಮಾನವಾಗಿತ್ತು. ಮಾದರಿಯ ಬಗ್ಗೆ ತಕರಾರಿಲ್ಲ, ಬಣ್ಣದ ಬಗ್ಗೆಯೂ ಇಲ್ಲ. ಉಳಿದದ್ದು ಒಂದೇ ಪ್ರಶ್ನೆ: ಮ್ಯಾನುವಲ್ಲೋ ಆಟೊಮ್ಯಾಟಿಕ್ಕೋ. ಊಟದ ಹೊತ್ತಿಗೆ ನಾವಿದನ್ನು ಗಾಡಿಯ ವಿಷಯವೆಂಬಂತೆ ಚರ್ಚಿಸುತ್ತಿದ್ದೆವು. ಇಳಿಜಾರಿನಲ್ಲಿ ಆಟೊಮ್ಯಾಟಿಕ್ ಎಂಜಿನ್ ಹಿಡಿಯುತ್ತದೋ ಇಲ್ಲವೋ, ತೋಟದ ಕೆಸರಲ್ಲಿ ಚಕ್ರ ಹೂತರೆ ಹಿಂದೆ ಮುಂದೆ ಆಡಿಸಿ ತೆಗೆಯಬಹುದೋ, ಮೈಲೇಜ್ ಎಷ್ಟು, ಕೆಟ್ಟರೆ ಸುಂಟಿಕೊಪ್ಪದ ಮೆಕ್ಯಾನಿಕ್ ಮುಟ್ಟುತ್ತಾನೋ ಮೈಸೂರಿಗೇ ಕಳಿಸಬೇಕೋ. ಮಂಡಿ ಎಂಬ ಶಬ್ದ ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗಾಡಿ ಓಡಿಸುವುದನ್ನು ಬಿಟ್ಟರೆ ಅವಳು ಅಂಗಡಿಯನ್ನೂ ಬಿಡಬೇಕಾಗುತ್ತಿತ್ತು. ಆ ಹೊತ್ತಿಗೆ, ಆ ದಾರಿಗೆ ಬಸ್ಸು ಕೂಡಿಬರುವುದಿಲ್ಲ. ನಾನು ಓಡಿಸಿದರೆ ಅವಳ ಮಂಡಿ ಉಳಿದೀತು, ಎದೆ ಉಳಿಯದು.

ಅತ್ತೆ ಮಾತ್ರ ಶಬ್ದಕ್ಕೆ ಹೆದರುವವರಲ್ಲ. "ಎಡಗಾಲಿಗೆ ಕೆಲಸವೇ ಇಲ್ಲದ ಗಾಡಿಯಾ? ಒಳ್ಳೇದಾಯ್ತಲ್ಲ. ಆ ಕಾಲನ್ನ ನನ್ನ ಹತ್ರ ಬಿಟ್ಟು ಹೋಗು, ಎಣ್ಣೆ ಹಚ್ಚಿ ಇಡ್ತೇನೆ."

"ಅಮ್ಮಾ, ಅಪ್ಪ ಇದ್ದಿದ್ರೆ ಅಂಥ ಗಾಡಿಯನ್ನ ಗೇಟಿನೊಳಗೆ ಬಿಡ್ತಿದ್ರಾ?"

"ಅಪ್ಪನಿಗೆ ಮಂಡಿ ನೋಯ್ತಿರ್ಲಿಲ್ಲ. ಹಲ್ಲು ನೋಯ್ತಿತ್ತು. ಅದಕ್ಕೆ ಹಲ್ಲು ಕಟ್ಟಿಸ್ಲಿಲ್ವಾ?"

ಹೆಂಡತಿ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ನಾನು ನಕ್ಕೆ. ಆ ನಗು ಆಗ ಬಂತೋ ಈಗ ಬರೆಯುವಾಗ ಸೇರಿತೋ, ಇರಲಿ.

ಶೋರೂಮಿನವರು ಓಡಿಸಿ ನೋಡಲು ಮೊದಲು ಆಟೊಮ್ಯಾಟಿಕ್ ತಂದರು. ಬಂದ ಸೇಲ್ಸಿನವರು ನನ್ನಷ್ಟೇ ವಯಸ್ಸಿನವರು, ಮೃದು ಮಾತಿನವರು, ಯಾವುದಕ್ಕೂ ಇಲ್ಲ ಎನ್ನದವರು. ತೋಟದಲ್ಲಿ ಕಾಫಿ ಹಣ್ಣು ಕೊಯ್ದು ಅಂಗಳಕ್ಕೆ ಬಂದಿದ್ದ ಪಿಕ್ಕಿಂಗ್ ಹೆಂಗಸರೆಲ್ಲ ಚೀಲ ಇಳಿಸಿ ನೋಡಲು ನಿಂತರು. ಮೊದಲ ತಿರುವಿನಲ್ಲೇ ನನ್ನ ಹೆಂಡತಿಯ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನು ತುಳಿಯಿತು. ಹಿಂದೆ ಕೂತಿದ್ದ ನಾನು ಮುಂದಿನ ಸೀಟಿಗೆ ಮುಖ ಕೊಟ್ಟೆ.

"ಎಲ್ಲರಿಗೂ ಹೀಗೇ ಆಗ್ತದೆ ಮೇಡಂ. ಎಡಗಾಲನ್ನ ಮರೆತುಬಿಡಿ" ಎಂದರು ಸೇಲ್ಸಿನವರು.

"ಅದು ಮರೀಲಿಕ್ಕೆ ಬಿಟ್ರೆ ಅಲ್ವಾ" ಎಂದಳು. ಮಂಡಿಯ ಬಗ್ಗೆ ಹೊರಗಿನವರ ಮುಂದೆ ಅವಳು ಹೇಳಿದ ಮೊದಲ ಮಾತು ಅದು. ಅವರಿಗೆ ಅರ್ಥವಾಗಲಿಲ್ಲ.

ಗೇಟಿನ ಏರಿನಲ್ಲಿ ಗಾಡಿ ನಿಲ್ಲಿಸಿದಳು. ಮಳೆಗಾಲದಲ್ಲಿ ನಮ್ಮ ಕಡೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತೇವಕ್ಕೆ ಕಚ್ಚಿಕೊಂಡು ಬಿಡುವುದಿಲ್ಲ. ಅದಕ್ಕೆ ಗೇರಿನಲ್ಲಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತೇವೆ. ಅಭ್ಯಾಸವಾದ ಮೇಲೆ ಬೇಸಗೆಯಲ್ಲೂ ಅದೇ. "ಮೇಷ್ಟ್ರೇ, ಕಲ್ಲು" ಎಂದಳು. ನನ್ನನ್ನು ಹಾಗೆ ಕರೆಯುವುದು ಕೆಲಸ ಹೇಳುವಾಗ, ಇಲ್ಲವೇ ತುಂಬ ಖುಷಿಯಲ್ಲಿರುವಾಗ. ಸೇಲ್ಸಿನವರು ಕಲ್ಲು ಬೇಡವೇ ಬೇಡ ಎಂದು ಕೈಮುಗಿದರೂ ನಾನು ಇಟ್ಟೆ. ಎಲ್ಲರೂ ಇಳಿದು ಕಾಫಿ ಕುಡಿದೆವು. ಹಿಂದಕ್ಕೆ ಇಳಿಸಿ ಮತ್ತೊಮ್ಮೆ ಏರೋಣವೆಂದು ಅವಳು ರಿವರ್ಸ್ ಹಾಕಿದಾಗ ಗಾಡಿ ಅಲ್ಲಾಡಲಿಲ್ಲ. ಎಕ್ಸಲರೇಟರ್ ಒತ್ತಿದಳು. ಗುರ್ರೆಂದಿತು, ಹೋಗಲಿಲ್ಲ.

"ನೋಡಿದ್ರಾ? ಇಳಿಜಾರಲ್ಲೂ ಇಳಿಯುವ ತಾಕತ್ತಿಲ್ಲ ಇದಕ್ಕೆ!" ಅವಳ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ಕಲ್ಲು ನನಗೆ ನೆನಪಾದರೂ ತೆಗೆಯಲು ಹೋಗಲಿಲ್ಲ. ಕೊನೆಗೆ ಪಿಕ್ಕಿಂಗ್ ಹೆಂಗಸೊಬ್ಬರು ಅಂಗಳದಿಂದಲೇ ಕೂಗಿದರು: "ಅಕ್ಕಾ, ಕಲ್ಲು ತೆಗೀಲಿಕ್ಕೆ ಹೇಳಿ ಅಣ್ಣನಿಗೆ!"

ಆಮೇಲೆ ಹಣ್ಣಿನ ಪರೀಕ್ಷೆ. ಅವಳೇ ಹೋಗಿ ಮರದಿಂದ ಒಂದು ಕಿತ್ತಳೆ ಕಿತ್ತು ತಂದು ಚಕ್ರದ ಹಿಂದೆ ಇಟ್ಟಳು. ಸೇಲ್ಸಿನವರು ಇದನ್ನು ಪೂಜೆಯೆಂದುಕೊಂಡರೋ ಏನೋ, ಚಪ್ಪಲಿ ಬಿಟ್ಟು ದೂರ ನಿಂತರು. ಅವಳು ಬ್ರೇಕ್ ಬಿಟ್ಟಳು. ಗಾಡಿ ತನ್ನಷ್ಟಕ್ಕೆ ಕ್ಷಣಹೊತ್ತು ನಿಂತು, ನಿಧಾನಕ್ಕೆ ಮುಂದೆ ಹೋಯಿತು. ಹಣ್ಣು ಇದ್ದಲ್ಲೇ ಇತ್ತು, ತೊಟ್ಟಿನ ಎಲೆಯೂ ಅಲುಗಿರಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಅವಳ ಮುಖ ಮಾತ್ರ ಪೆಚ್ಚಾಗಿತ್ತು.

"ಇದ್ರಲ್ಲಿ ನಾನು ಮಾಡಿದ್ದೆಂತ?" ಎಂದು ನನ್ನನ್ನು ಕೇಳಿದಳು. "ಹಣ್ಣು ಉಳಿಸಿದ್ದು ಅದು. ನಾನು ಸುಮ್ನೆ ಕೂತಿದ್ದೆ."

ಅವಳು ಸುಮ್ಮನೆ ಕೂತರೂ ಸಾಕು, ನಾಳೆಯೂ ಕೂರಬಹುದಾದರೆ ಸಾಕು ಎಂದು ಹೇಳಬಹುದಿತ್ತು. ಹೇಳಿದೆನೆಂದು ಈಗ ಬರೆದುಬಿಡುವ ಆಸೆಯೂ ಆಗುತ್ತಿದೆ. ಹೇಳಲಿಲ್ಲ.

ಮ್ಯಾನುವಲ್ ಬಂದದ್ದು ಮರುದಿನ. ಅದು ಅದೇ ಗಾಡಿಯ ಕಡಿಮೆ ಬೆಲೆಯ ಮಾದರಿ. ಏರಿನಲ್ಲಿ ತಾನಾಗಿ ಹಿಡಿದು ನಿಲ್ಲುವ ಸೌಲಭ್ಯ ಅದರಲ್ಲಿ ಇಲ್ಲವೆಂದು ಸೇಲ್ಸಿನವರು ಬೇಸರದಿಂದ ಹೇಳಿದಾಗ ಅವಳು "ಹಾಗಾದ್ರೆ ಸರಿ" ಎಂದಳು. ಅಂದು ಅವಳು ಹಸಿರು ಸ್ವೆಟರ್ ಹಾಕಿದ್ದಳು. ಇದು ಖಚಿತ, ಏಕೆಂದರೆ ಮುಂದಿನದೆಲ್ಲ ಆ ಸ್ವೆಟರಿನ ಜೇಬಿನಲ್ಲಿದೆ.

ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆಂಗಸರು ತೋಟದ ದೂರದ ಬ್ಲಾಕಿಗೆ ಪಿಕ್ಕಿಂಗ್‌ಗೆ ಹೋಗಿದ್ದರು. ನಾನು ಮೇಲೆ ಗೇಟು ಹಿಡಿದು ನಿಂತಿದ್ದೆ. ನನ್ನನ್ನು ಅಲ್ಲಿ ನಿಲ್ಲಿಸಿದ್ದು ಅವಳೇ. ಕೆಳಗೆ ಗಾಡಿ ನಿಂತಿತು. ಅವಳು ಇಳಿದು ಹಿಂದೆ ಹೋಗಿ ಬಗ್ಗಿ ಹಣ್ಣಿಟ್ಟಳು, ಮತ್ತೆ ಹತ್ತಿದಳು. ಪಕ್ಕದ ಸೀಟಿನಲ್ಲಿ ಸೇಲ್ಸಿನವರು. ನನಗೆ ಗಾಡಿಯ ಮೂತಿ ಮತ್ತು ಗಾಜಿನಾಚೆ ಎರಡು ಮುಖ, ಅಷ್ಟೇ ಕಾಣುತ್ತಿತ್ತು. ಎಂಜಿನ್ ಸದ್ದು ಏರಿತು, ಸ್ವಲ್ಪ ತಗ್ಗಿತು, ಮತ್ತೆ ಏರಿತು. ಅವಳ ಕೆಳತುಟಿ ಒಳಗೆ ಹೋಯಿತು. ಗಾಡಿ ನಡುಗಿತು. ಹಿಂದಕ್ಕೆ ಬಂತೇ? ಬಂದಂತೆ ಒಂದು ಸಲ ನೆನಪಾಗುತ್ತದೆ, ಬರದಂತೆ ಇನ್ನೊಂದು ಸಲ. ಎರಡರಲ್ಲೂ ಬೆಳಕು ಒಂದೇ, ಸ್ವೆಟರ್ ಒಂದೇ. ನಂತರ ಗಾಡಿ ನನ್ನ ಪಕ್ಕದಲ್ಲೇ ಗೇಟು ದಾಟಿ ಅಂಗಳಕ್ಕೆ ಬಂತು.

ಅವಳು ಇಳಿದಳು. ಎಡಗಾಲನ್ನು ಈ ಸಲ ಕೈಯಿಂದ ಎತ್ತಲಿಲ್ಲ. ನನ್ನನ್ನು ದಾಟಿ ಏರಿನಲ್ಲಿ ಕುಂಟುತ್ತ ಕೆಳಗೆ ಹೋಗಿ, ನನಗೆ ಬೆನ್ನು ಮಾಡಿ ಬಗ್ಗಿ, ಏನನ್ನೋ ಎತ್ತಿಕೊಂಡು ಮೇಲೆ ಬಂದಳು. ಕೈ ಸ್ವೆಟರಿನ ಜೇಬಿನೊಳಗಿತ್ತು.

ಜಗಲಿಯಿಂದ ಅತ್ತೆ ಕೇಳಿದರು, "ಹಣ್ಣು ಎಂತ ಆಯ್ತು?"

"ನನ್ನ ಹತ್ರ ಉಂಟು" ಎಂದಳು. ಸೇಲ್ಸಿನವರ ಕಡೆ ತಿರುಗಿ, "ಆಟೊಮ್ಯಾಟಿಕ್ಕೇ ಬುಕ್ ಮಾಡಿ" ಎಂದು ಅಡುಗೆಮನೆ ಬಾಗಿಲಿನಿಂದ ಒಳಗೆ ಹೋದಳು.

ಅತ್ತೆ ನನ್ನನ್ನು ನೋಡಿದರು. ನಾನು ಸೇಲ್ಸಿನವರನ್ನು ನೋಡಿದೆ. ಅವರು ಕೀ ಗೊಂಚಲನ್ನು ನೋಡುತ್ತಿದ್ದರು.

ಗಾಡಿ ಬಂದ ದಿನ ಮಡಿಕೇರಿಯ ದೇವಸ್ಥಾನದ ಮುಂದೆ ಪೂಜೆಯಾಯಿತು. ಭಟ್ಟರು ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, "ಹ್ಞಾಂ, ಮುಂದೆ ಬಿಡಿ" ಎಂದರು. ಅವಳು ಬಿಡಲಿಲ್ಲ. ಭಟ್ಟರು ಮತ್ತೆ ಹೇಳಿದರು. ಹಣ್ಣಿನ ಮೇಲೆ ಗಾಡಿ ಹತ್ತಿಸಲು ಈ ಮನೆಯವರಿಗೆ ಕಾಲು ಬರುವುದಿಲ್ಲವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಿಂದಿನ ಸೀಟಿನಿಂದ ಅತ್ತೆ, "ಇದು ಒಡೀಲಿಕ್ಕೇ ಇಟ್ಟದ್ದು, ಹೋಗೇ" ಎಂದು ಮಗಳ ಭುಜಕ್ಕೆ ಮೆಲ್ಲನೆ ಗುದ್ದಿದರು. ನಿಂಬೆ ಒಡೆದ ಸದ್ದು ಕೇಳಿತು. ಆಮೇಲೆ ಅವಳು ಸುಂಟಿಕೊಪ್ಪದವರೆಗೆ ಓಡಿಸಿ ಅಂಗಡಿ ಬಾಗಿಲು ತೆಗೆದಳು.

ಈಗಲೂ ದಿನವೂ ಹೋಗುತ್ತೇವೆ. ಪಕ್ಕದಲ್ಲಿ ಕೂತ ನನಗೆ ಅವಳ ಎಡಗಾಲು ಚೆನ್ನಾಗಿ ಕಾಣುತ್ತದೆ. ಅದು ಚಪ್ಪಲಿ ಬಿಟ್ಟು ಮ್ಯಾಟಿನ ಮೇಲೆ ಆರಾಮಾಗಿರುತ್ತದೆ. ಕೆಲವು ತಿರುವುಗಳಲ್ಲಿ ಮಾತ್ರ ಅದರ ಹೆಬ್ಬೆರಳು ಮೆಲ್ಲನೆ ಕೆಳಗೆ ಒತ್ತುತ್ತದೆ. ಸಿಟ್ಟು ಬಂದ ದಿನ ಇನ್ನೂ ಸ್ವಲ್ಪ ಜೋರಾಗಿ ಒತ್ತುತ್ತದೆ. ನಾನು ಅದನ್ನು ನೋಡುವುದು ಅವಳಿಗೂ ಗೊತ್ತು. "ಎಂತ ಮೇಷ್ಟ್ರೇ, ಗೇರು ಸರಿ ಬಿತ್ತಾ?" ಎಂದು ಕೇಳುತ್ತಾಳೆ.

ಮ್ಯಾನುವಲ್ ಓಡಿಸಿ ನೋಡಿದ ದಿನ ಸಂಜೆ ಅಡುಗೆಮನೆಯ ಹಿಂದೆ ಹೋಗಿ ನೋಡಿದ್ದೆ. ಕಿತ್ತಳೆ ಸಿಪ್ಪೆ ಬಿದ್ದಿತ್ತು. ಆ ತಿಂಗಳಲ್ಲಿ ಅಲ್ಲಿ ದಿನವೂ ಬಿದ್ದಿರುತ್ತದೆ. ಗೇಟಿನ ಏರಿನ ಮಣ್ಣು ಒದ್ದೆಯಾಗಿದ್ದದ್ದು ರಸಕ್ಕೋ ಮಂಜಿಗೋ ಹೇಳಲಾಗಲಿಲ್ಲ. ಹಣ್ಣು ಒಡೆದದ್ದರಿಂದ ಅವಳು ಆಟೊಮ್ಯಾಟಿಕ್ ಎಂದಳೋ, ಒಡೆಯದೆ ಉಳಿದದ್ದರಿಂದ, ಇಷ್ಟು ಸಾಕು ಎನಿಸಿ ಹಾಗೆಂದಳೋ? ಎರಡೂ ಅವಳಿಗೆ ಒಪ್ಪುತ್ತವೆ. ಸೇಲ್ಸಿನವರು ಸರ್ವಿಸಿನ ದಿನ ಸಿಗುತ್ತಾರೆ, ಅವರನ್ನು ಕೇಳಬಹುದು, ಕೇಳಿಲ್ಲ. ಅವಳನ್ನು ಒಂದು ಸಲ ಕೇಳಿದೆ. ಟಿವಿಯ ಸದ್ದು ಜೋರು ಮಾಡಿದಳು. ಆ ಹಣ್ಣು ಏನಾಯಿತೋ ನನಗೆ ಗೊತ್ತಿಲ್ಲ.