ಹೆಬ್ಬಳ್ಳಿ ಹೊಲದ ಮೂರು ಬೆರಳು ಮಣ್ಣು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹೆಬ್ಬಳ್ಳಿಯ ಎರೆಹೊಲದಲ್ಲಿ ನೀಲಪ್ಪ ಮೊಣಕಾಲೂರಿ ಕೂತಿದ್ದಾರೆ. ಉಕ್ಕಿನ ಕೊಳವೆಯನ್ನು ನೆಲಕ್ಕಿಟ್ಟು ಸುತ್ತಿಗೆಯಿಂದ ಎರಡೇಟು. ಒಳಬಂದ ಮಣ್ಣು ಡಬ್ಬಿಗೆ, ಡಬ್ಬಿಗೆ ಕೂಡಲೇ ಮುಚ್ಚಳ. ತಡವಾದರೆ ಹಸಿ ಆರಿಹೋಗುತ್ತದೆ. ಇದೇ ಹೊತ್ತಿಗೆ ಮೇಲೆ ಉಪಗ್ರಹವೊಂದು ಹಾದುಹೋಗುತ್ತದೆ. ಮೈಕ್ರೋವೇವ್ ಅಲೆ ಬಿಟ್ಟು, ನೆಲಕ್ಕೆ ತಾಗಿ ಮರಳಿದ್ದನ್ನು ಅಳೆದು, ಮಣ್ಣಿನಲ್ಲಿ ತೇವ ಎಷ್ಟಿದೆ ಅಂತ ಅದು ಹೇಳುತ್ತದೆ. ಹೇಳಿದ್ದು ಖರೇನೋ ಸುಳ್ಳೋ ಅಂತ ನೋಡಲು ನೀಲಪ್ಪನವರ ಡಬ್ಬಿಯೇ ಬೇಕು.

"ಮೋಡ ಇದ್ರೂ ಅದಕ್ಕ ಕಾಣತೈತಂತ್ರಿ. ಕಾಣ್ಲಿ ಬಿಡ್ರಿ, ಅದಕ್ಕೇನ್ ಮೊಣಕಾಲು ನೋಯತೈತೇನು?"

೧೯೯೮ರಲ್ಲಿ ಧಾರವಾಡದ ಒಂದು ಮಣ್ಣಿನ ಪ್ರಯೋಗಾಲಯಕ್ಕೆ ದಿನಗೂಲಿಯಾಗಿ ಸೇರಿದವರು, ಎಂಟು ವರ್ಷವಾದರೂ ದಿನಗೂಲಿಯೇ. ಉಪಗ್ರಹ ಬರುವ ದಿನ ಮೂವತ್ತು ಡಬ್ಬಿ ತುಂಬಬೇಕು. ಹಸಿಮಣ್ಣು ತೂಗಿ, ನೂರೈದು ಡಿಗ್ರಿ ಒಲೆಯಲ್ಲಿ ಇಡೀ ದಿನ ಒಣಗಿಸಿ, ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು.

ಬದುವಿನಾಚೆಯ ಹೊಲದಲ್ಲಿ ಇದೇ ಕೆಲಸ ಮಾಡುವವನು ಮೈಲಾರಪ್ಪ. ಈ ವರ್ಷವಷ್ಟೇ ಬಂದವನು. ಅವನ ಹೆಸರೆತ್ತಿದರೆ ನೀಲಪ್ಪನವರ ಮುಖ ಗಂಟಾಗುತ್ತದೆ. ಹೊಟ್ಟೆಕಿಚ್ಚು, ಮತ್ತೇನಲ್ಲ! ಮಳೆಗಾಲದಲ್ಲಿ ಉಪಗ್ರಹ ಐದು ಸಲ ಬಂತು. ಐದೂ ಸಲ ಮೈಲಾರಪ್ಪನ ಲೆಕ್ಕ ಅದಕ್ಕೆ ಸರಿಹೊಂದಿತು. ನೀಲಪ್ಪನವರದು ಮಾತ್ರ ಆರೇಳು ಪರ್ಸೆಂಟ್ ಹೆಚ್ಚು ಹಸಿ. ವಿಜ್ಞಾನಿ ಪ್ರಭಾವತಿ ಮೇಡಂ ಎಲ್ಲರೆದುರು ಮೈಲಾರಪ್ಪನಿಗೆ ಶಾಬಾಸ್ ಅಂದರು. ಇನ್ನೊಂದು ಸಲ ಹೀಗಾದರೆ ನೀಲಪ್ಪನವರ ಹೊಲವನ್ನೇ ಕೈಬಿಡುವುದಾಗಿಯೂ ಹೇಳಿದರು. ಹೊಲ ಹೋದರೆ ಕೂಲಿಯೂ ಹೋದಂತೆ.

"ನಿನ್ನೆ ಮೊನ್ನೆ ಬಂದಾಂವ ನನಗಿಂತ ಶಾಣ್ಯಾ ಆದ್ನಲ್ಲ! ಏನರೆ ಕಳ್ಳಾಟ ಮಾಡಾಕತ್ತಾನ ಅಂದ್ಕೊಂಡೆ."

ಮುಂದಿನ ಸಲ ನೀಲಪ್ಪ ನಸುಕಿನಲ್ಲೇ ಜಾಲಿಗಿಡದ ಮರೆಯಲ್ಲಿ ನಿಂತು ಕಾದರು. ಮೈಲಾರಪ್ಪ ಬಂದ, ಇದ್ದ ನೆಲದ ಮೇಲೇ ಕೊಳವೆ ಇಟ್ಟ, ಹೊಡೆದ. ಅಷ್ಟೇ. ಅರೆ, ಈತ ಮೇಲಿನ ಒಣಮಣ್ಣು ಸರಿಸಲೇ ಇಲ್ಲವಲ್ಲ!

ನೀಲಪ್ಪ ಒಕ್ಕಲುತನದ ಮನೆಯವರು. ಹಿಂಗಾರಿ ಜೋಳ ಬಿತ್ತುವ ಮೊದಲು ಹಿಮ್ಮಡಿಯಿಂದ ಒಣಪದರ ಸರಿಸಿ, ಕೆಳಗಿನ ಹಸಿಮಣ್ಣು ಹಿಡಿದು ಹದ ನೋಡುವುದು ಅಪ್ಪನಿಂದ ಬಂದ ರೂಢಿ. ಕಾಲು ತಾನಾಗಿಯೇ ಸರಿಸುತ್ತಿತ್ತು. ಉಪಗ್ರಹದ ಅಲೆಗೆ ಕಾಣುವುದೋ ಮೇಲಿನ ಮೂರು ಬೆರಳು ಮಣ್ಣು. ಅದನ್ನೇ ನೀಲಪ್ಪ ಐದು ಸಲವೂ ಒದ್ದು ಬಿಸಾಡಿದ್ದರು.

ಸುಮ್ಮನೆ ಅಂದಿನಿಂದ ತಿದ್ದಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಳೆಯ ಐದು ತಪ್ಪು ಲೆಕ್ಕ ಮಾತ್ರ ದಾಖಲೆಯಲ್ಲಿ ಉಳಿಯುತ್ತಿತ್ತು. ನೀಲಪ್ಪ ಅಂದೇ ಮೇಡಂ ಕೋಣೆಗೆ ಹೋದರು. ಮೈಲಾರಪ್ಪನೂ ಅಲ್ಲೇ ನಿಂತಿದ್ದ.

"ನಂದ ತಪ್ಪ ಅನ್ನಾಕ ಏನೂ ಅನಿಸಲಿಲ್ರಿ. ಅಂವಾ ಮಾಡಿದ್ದ ಬರೋಬ್ಬರಿ ಐತಿ ಅನ್ನೂ ಮುಂದ ನಾಲಿಗೀನ ಏಳವಲ್ತು."

ಮೇಡಂ ಐದೂ ಲೆಕ್ಕ ಹೊಡೆದುಹಾಕಿದರು. ಹೊಲ ಉಳಿಯಿತು. ಆಮೇಲಿನ ಎರಡು ಸಲವೂ ನೀಲಪ್ಪನವರ ಅಂಕಿ ಉಪಗ್ರಹಕ್ಕೆ ಸರಿಹೊಂದಿದೆ.

ಕೊನೆಯ ಡಬ್ಬಿ ಚೀಲಕ್ಕಿಳಿಸಿ ಎದ್ದವರನ್ನು, ಏನಾದರೂ ಆಸೆ ಇದೆಯೇ ಅಂತ ಕೇಳಿದರೆ ಬದುವಿನಾಚೆ ನೋಡಿ ದನಿ ತಗ್ಗಿಸುತ್ತಾರೆ.

"ನಿಮ್ಮ ಪೇಪರಿನ್ಯಾಗ ಮೈಲಾರಪ್ಪನ ಹೆಸರೂ ಹಾಕ್ರಿ. ಹಾಕದಿದ್ರ ಪಾಪ ಬರತೈತಿ. ಆದ್ರ ನನ್ನ ಹೆಸರಿನ ಕೆಳಗ ಹಾಕ್ರಿ."