ರುಮಾಲಿಗೆ ನಾನು ಕೊಡದ ತಲೆ

ನನ್ನ ತಮ್ಮನನ್ನು ಊರ ಮಂದಿ ದೊರಿ ಎಂದು ಕರೆಯುತ್ತಾರೆ. ಹೊಸಬರು ಕೇಳಿದರೆ ದೊಡ್ಡ ವಾಡೆ, ಆಳುಕಾಳು, ಕುದುರೆ ಎಂದುಕೊಂಡಾರು. ಬೇವೂರಿನ ಆಚೆಗಿರುವ ನಮ್ಮ ಊರಿನಲ್ಲಿ ದೊರಿಗೆ ಇರುವುದು ಮಣ್ಣಿನ ಮಾಳಿಗೆಯ ಮನೆ, ಒಂದು ಪಟ್ಟಿ ಕೆಮ್ಮಣ್ಣಿನ ಮಸಾರಿ ಹೊಲ, ಬೇವಿನ ಮರದ ಕೆಳಗೆ ಕೂರಲು ಒಂದು ಕಟ್ಟೆ, ತಲೆಗೆ ಒಂದು ಕೆಂಪು ರುಮಾಲು. ಇಷ್ಟೇ. ಇದಕ್ಕಾಗಿ ಅವನು ಕಳಕೊಂಡದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಊರಿನ ಮೇಲೆ, ಹಿರಿಯರ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ಆ ರುಮಾಲು ಕಟ್ಟಿಸಿಕೊಳ್ಳಬೇಕಾಗಿದ್ದ ತಲೆ ನನ್ನದು.

ನಾನು ಸಾಲಿ ಕಲಿತದ್ದು ಐದನೆಯ ಇಯತ್ತೆಯವರೆಗೆ. ಬರೆದು ರೂಢಿಯಿಲ್ಲ. ಆದರೆ ಇದನ್ನು ಬಾಯಿಂದ ಹೇಳಲು ಹೋದಾಗಲೆಲ್ಲ ಸಿಟ್ಟು ಬಂದು ಮಾತು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ರಾಯಚೂರನ್ನು ಬಿಟ್ಟು ಕೊಪ್ಪಳ ಜಿಲ್ಲೆಯಾಯಿತಲ್ಲ, ತೊಂಬತ್ತೇಳು, ಆ ವರ್ಷ ಅಪ್ಪ ಸತ್ತ. ಅಪ್ಪ ಊರ ದೊರಿಯಾಗಿದ್ದ. ದೊರಿ ಸತ್ತರೆ ಹೊಸ ದೊರಿಗೆ ರುಮಾಲು ಕಟ್ಟುವ ತನಕ ಹೆಣ ಎತ್ತುವಂತಿಲ್ಲ. ಊರು ಒಂದು ಗಳಿಗೆಯೂ ಬರಿದಾಗಬಾರದಂತೆ. ಕಟ್ಟುವ ಹಕ್ಕು ಒಂದೇ ಮನೆಯದು. ಆ ಮನೆಯ ಮುದುಕ ರುಮಾಲು ಹಿಡಿದು ನಮ್ಮ ಅಂಗಳಕ್ಕೆ ಬಂದ. ಹಿರಿಯ ಮಗನಾದ್ದರಿಂದ ಮೊದಲ ಹಕ್ಕು ನನ್ನದು. ರುಮಾಲು ಕಟ್ಟಿಸಿಕೊಂಡವನು ಆಮೇಲೆ ತಾನು ಸಾಯುವ ತನಕ ಹೆಣದ ಮುಖ ನೋಡುವಂತಿಲ್ಲ. ಹೆತ್ತ ಅಪ್ಪನದಾದರೂ ಅಷ್ಟೆ. ಅಳುವಂತಿಲ್ಲ. ಮಣ್ಣಿಗೆ ಹೋಗುವಂತಿಲ್ಲ. ಇನ್ನೊಬ್ಬರ ಹೊಲದಲ್ಲಿ ಬಗ್ಗಿ ದುಡಿಯುವಂತಿಲ್ಲ. ಮಂದಿಯೆದುರು ಉಣ್ಣುವಂತಿಲ್ಲ. ಬರಿ ತಲೆಯಲ್ಲಿ ಹೊಸ್ತಿಲು ದಾಟುವಂತಿಲ್ಲ. ಪರ ಊರಿನಲ್ಲಿ ಮಲಗುವಂತಿಲ್ಲ.

ಅಪ್ಪ ಹೀಗೆಯೇ ಬಾಳಿದ್ದನ್ನು ನಾನು ನೋಡಿದ್ದೆ. ಬನ್ನಿ ಹಬ್ಬದ ದಿನ ಮೊದಲ ಬನ್ನಿ ಅಪ್ಪನ ಕೈಗೆ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಬೆಂಕಿಯ ಕುಣಿ ತೋಡಲು ಮೊದಲ ಗುದ್ದಲಿ ಅಪ್ಪನದು. ಊರೆಲ್ಲ ಅವನ ಕಾಲಿಗೆ ಬೀಳುತ್ತಿತ್ತು. ಮನೆಗೆ ಬಂದರೆ ರೊಟ್ಟಿಯ ಬುಟ್ಟಿಯಲ್ಲಿ ನಿನ್ನಿನ ಸಜ್ಜಿ ರೊಟ್ಟಿ. ನನಗೆ ಅದು ಬೇಡವಾಗಿತ್ತು. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸಕ್ಕೆ ಬಾ ಎಂದು ಗೆಳೆಯ ಕರೆದಿದ್ದ. ಅಂಗಳದಲ್ಲಿ ಮುದುಕ ರುಮಾಲು ಬಿಚ್ಚುತ್ತಿದ್ದಾಗ ಅವ್ವನಿಗೆ, "ಮುಖ ತೊಳಕೊಂಡು ಬರ್ತೀನಿ" ಎಂದು ಹಿತ್ತಲಿಗೆ ಹೋದೆ. ಹಿತ್ತಲಿನ ಗೋಡೆ ಹಾರಿದೆ. ಹೊಲದ ದಾರಿಯಲ್ಲಿ ಓಡಿ ಬೇವೂರಿಗೆ ಬಂದು ಟೆಂಪೋ ಹತ್ತಿದೆ.

ತಮ್ಮನಿಗೆ ಆಗ ಮೀಸೆ ಮೂಡಿರಲಿಲ್ಲ. ಅವನನ್ನು ಹಿಡಿದು ಕೂರಿಸಿದರು.

ಅಪ್ಪನ ಹೆಣಕ್ಕೆ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನೂ ಹೆಗಲು ಕೊಡಲಿಲ್ಲ. ಒಬ್ಬ ದೊರಿಯಾಗಿದ್ದ, ಇನ್ನೊಬ್ಬ ಟೆಂಪೋದಲ್ಲಿದ್ದ.

ಯುಗಾದಿಗೆ ನಾನು ಊರಿಗೆ ಬಂದಾಗ ಮುದುಕ ನನ್ನನ್ನು ಬೈಯಲಿಲ್ಲ. "ತಮ್ಮಾ, ಹಿರೇ ಮಗನ ಹಕ್ಕು ಎಲ್ಲಿಗೂ ಓಡಂಗಿಲ್ಲ. ನೀ ಯಾವಾಗ ತಲಿ ಕೊಡ್ತೀನಿ ಅಂತೀಯೋ ಅವತ್ತ ಈ ರುಮಾಲು ನಿನಗ. ಅವ ಬಿಡುಗಡಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಂದಿನಿಂದ ನಾನು ಹಬ್ಬಕ್ಕೊಮ್ಮೆ ಬಂದು ಹೋಗುವ ನೆಂಟನಾದೆ. ಅವ್ವನೂ ಮಂದಿಯೆದುರು ತಮ್ಮನಿಗೆ "ಬರ್ರಿ ದೊರಿ" ಎನ್ನಬೇಕಿತ್ತು. ಬಾಗಿಲು ಹಾಕಿದರೆ ಸಾಕು, ಅವಳ ಬಾಯಿ ಬಿಚ್ಚುತ್ತಿತ್ತು. "ದೊರಿ, ಸಗಣಿ ತುಳದು ಬಂದೀಯಲ್ಲೋ ಮೂಳ, ಕಾಲ ತೊಳಿ!" ತಮ್ಮ ಹೊಟ್ಟೆ ಹಿಡಿದು ನಗುತ್ತಿದ್ದ. ಆ ಮನೆಯಲ್ಲಿ ಅವನನ್ನು ಮಗನಂತೆ ಬೈಯುತ್ತಿದ್ದವಳು ಅವಳೊಬ್ಬಳೇ. ಹೊರಗೆ ಅವನನ್ನು ಬೈಯುವ ಧೈರ್ಯ ಯಾರಿಗೂ ಇರಲಿಲ್ಲ, ಜೊತೆಗೆ ಕುಳಿತು ಬೀಡಿ ಸೇದುವ ಗೆಳೆಯನೂ ಇರಲಿಲ್ಲ.

ಒಮ್ಮೆ ನಾನು ಬಂದಾಗ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತ್ತು. ಗಂಡ ಹೊಡೆಯುತ್ತಾನೆಂದು ಒಬ್ಬ ಹೆಣ್ಣುಮಗಳು ತವರಿಗೆ ಬಂದಿದ್ದಳು. ಹಿರಿಯರು ಅವಳನ್ನು ತಿರುಗಿ ಕಳಿಸುವ ಮಾತಾಡುತ್ತಿದ್ದರು. ದೊರಿ ಕೂತಿರಬೇಕು, ಹಿರಿಯರು ತೀರ್ಪು ಹೇಳಬೇಕು, ದೊರಿ ತಲೆಯಾಡಿಸಬೇಕು, ಅದು ನಡೆದು ಬಂದ ರೀತಿ. ಅವತ್ತು ತಮ್ಮ ತಲೆಯಾಡಿಸಲಿಲ್ಲ. "ಆಕಿ ಇಲ್ಲೇ ಇರ್ಲಿ. ಮೈ ನೋಡ್ರಿ ಹೆಂಗಾಗೇತಿ" ಎಂದುಬಿಟ್ಟ. ಮುದುಕ ಕೆಮ್ಮಿದ. "ದೊರಿಗೆ ಬಿಸಲು ಹತ್ತೇತಿ. ನೀರು ಕೊಡ್ರಿ" ಎಂದ. ನೀರು ತಂದರು. ಆ ಹೆಣ್ಣುಮಗಳನ್ನು ಅದೇ ಸಂಜೆ ಕಳಿಸಿದರು. ಇದು ದೊರಿಯ ಅಧಿಕಾರ!

ಊರ ಹೊರಗೆ ಅದೂ ಇಲ್ಲ. ರೇಷನ್ ಕಾರ್ಡಿಗೆಂದು ತಮ್ಮನ ಜೊತೆ ಯಲಬುರ್ಗಾಕ್ಕೆ ಹೋಗಿದ್ದೆ. ಜೊತೆಗಿದ್ದ ನಮ್ಮೂರಿನವನು, "ಇವ್ರು ನಮ್ಮೂರ ದೊರಿ ಅದಾರ್ರಿ" ಎಂದ. ಕಚೇರಿಯವನು ತಲೆಯೆತ್ತದೆ, "ಹಂಗಾರ ಕಾರ್ಡ್ ಯಾಕ ಬೇಕ್ರಿ? ಸಾಲಿನ್ಯಾಗ ನಿಂದರ್ರಿ" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಚುನಾವಣೆ ಬಂದರೆ ಮಾತ್ರ ಜೀಪು ಬರುತ್ತಿತ್ತು, ಶಾಲು ಬರುತ್ತಿತ್ತು, ವೇದಿಕೆಯ ಮೂಲೆಯಲ್ಲಿ ಕುರ್ಚಿ ಸಿಗುತ್ತಿತ್ತು. ದೊರಿ ಕೂಲಿಗೆ ಹೋಗುವಂತಿಲ್ಲವಲ್ಲ, ಅದಕ್ಕೆ ಅವನ ಹೆಂಡತಿ ಹೋಗುತ್ತಿದ್ದಳು. ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ಹೊರುತ್ತಿದ್ದಳು. ದೊರಿಯ ಹೆಂಡತಿ ಮಣ್ಣಿನ ಬುಟ್ಟಿ ಹೊತ್ತರೆ ಊರ ಮರ್ಯಾದೆ ಹೋಗುವುದಿಲ್ಲ, ದೊರಿ ಹೊತ್ತರೆ ಹೋಗುತ್ತದೆ. ಇದನ್ನು ಯಾವ ಹಿರಿಯ ಕಟ್ಟಿದ ಲೆಕ್ಕವೋ, ಅವನ ಬಾಯಿಗೆ ಆ ಹೂಳು ತುಂಬಬೇಕು.

ತಮ್ಮ ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ತಲೆ ಕೇಳಲಿಲ್ಲ. "ರಾಜ್ಯ ಹೆಂಗೈತೋ?" ಎಂದು ನಾನು ಚೇಷ್ಟೆ ಮಾಡಿದರೆ, "ಪ್ರಜಾ ಛಲೋ ಅದಾರ ಯಣ್ಣಾ, ರಾಜಂದ ಹೊಟ್ಟಿ ಚುರುಗುಡಾಕತ್ತೇತಿ" ಎಂದು ಒಳಗೆ ಹೋಗಿ, ಬಾಗಿಲ ಹಿಂದೆ ಕೂತು ಉಣ್ಣುತ್ತಿದ್ದ.

ಕೇಳಿದ್ದು ಅವ್ವ ಸತ್ತ ದಿನ.

ಬೆಳಿಗ್ಗೆ ಮಿಲ್ಲಿಗೆ ಫೋನು ಬಂತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಮುಟ್ಟುವಾಗ ಬಿಸಿಲು ಏರಿತ್ತು. ಪಡಸಾಲೆಯಲ್ಲಿ ಅವ್ವನನ್ನು ಮಲಗಿಸಿದ್ದರು. ಭಜನೆಯವರು ಕೂತಿದ್ದರು. ಒಳಕೋಣೆಯ ಬಾಗಿಲಿಗೆ ಒಂದು ಕರಿ ಕಂಬಳಿ ಕಟ್ಟಿದ್ದರು. ಅದರ ಹಿಂದೆ ತಮ್ಮ. ಅವ್ವನಿಗೂ ಅವನಿಗೂ ನಡುವೆ ಆ ಕಂಬಳಿಯೊಂದೇ. ಅವಳು ಸಾಯುವ ಮುಂಚೆ ಅವನೇ ಬಾಯಿಗೆ ನೀರು ಬಿಡುತ್ತಿದ್ದನಂತೆ. ಉಸಿರು ಹೋಗುತ್ತದೆಂದು ಕಂಡೊಡನೆ ರಟ್ಟೆ ಹಿಡಿದು ಒಳಗೆ ದಬ್ಬಿದರಂತೆ.

ನಾನು ಕಂಬಳಿ ಸರಿಸಿ ಒಳಗೆ ಹೋದೆ. ಅವನು ಗೋಡೆಗೆ ಆನಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. ರುಮಾಲು ತಲೆಯ ಮೇಲೇ ಇತ್ತು. ನನ್ನ ಎರಡೂ ಕೈ ಹಿಡಿದುಕೊಂಡ.

"ಯಣ್ಣಾ, ತಲಿ ಕೊಡು. ನಾ ಏನೂ ಕೇಳಿಲ್ಲ ನಿನಗ ಇಲ್ಲೀತನ. ಇವತ್ತ ಕೊಡು. ಅವ್ವನ ಮುಖ ನೋಡ್ತೀನಿ. ಹೆಗಲ ಕೊಡ್ತೀನಿ."

ಅವನು ಕೇಳಿದ್ದು ನ್ಯಾಯ. ಅವ್ವನ ಜೊತೆ ಬಾಳಿದವನು ಅವನು. ರುಮಾಲು ನನ್ನ ತಲೆಗೆ ಬಂದರೆ ನಾನು ಈ ಕಂಬಳಿಯ ಹಿಂದೆ, ಅವನು ಆಚೆ. ಇಬ್ಬರಲ್ಲಿ ಒಬ್ಬನಿಗೆ ಅವ್ವ ಕಾಣುತ್ತಾಳೆ.

ನಾನು ಹೊರಗೆ ಬಂದು ಮುದುಕನನ್ನು ಕೇಳಿದೆ. ಅವನು ಆಗಲೇ ಬಹಳ ಬಗ್ಗಿದ್ದ, ಕಣ್ಣು ಮಂಜಾಗಿತ್ತು.

"ಕಾಕಾ, ಇವತ್ತೊಂದಿನದ ಮಟ್ಟಿಗೆ ನಾ ತಲಿ ಕೊಟ್ಟರ ನಡೀತೈತೇನು? ನಾಳೆ ತಿರುಗಿ ಅವಗ ಕಟ್ರಿ."

"ದಿನದ ಬಾಡಿಗಿಗೆ ಕೊಡಾಕ ಅದೇನು ಸೈಕಲ್ ಏನೋ?" ಎಂದ ಮುದುಕ. "ಕಟ್ಟಿಸ್ಕೊಂಡ್ರ ಮುಗೀತು. ಗಂಗಾವತಿ ಬಿಡು, ಇಲ್ಲಿ ಕುಂದ್ರು. ಕಟ್ಟಲೇನು?"

ಕೂತವರೆಲ್ಲ ನನ್ನ ಕಡೆ ನೋಡಿದರು. ನನ್ನ ಹೆಂಡತಿ ನೋಡಿದಳು. ಗಂಗಾವತಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದೆ. ಮಿಲ್ಲಿನಲ್ಲಿ ಚೀಲ ಹೊರುವುದು ತಪ್ಪಿ ಹಮಾಲರ ಮೇಸ್ತ್ರಿಯಾಗಿದ್ದೆ. ಎಲ್ಲಿ ಬೇಕಾದರೂ ಕೂತು ಉಣ್ಣುತ್ತಿದ್ದೆ, ಯಾರ ಹೆಗಲ ಮೇಲೆ ಬೇಕಾದರೂ ಕೈ ಹಾಕುತ್ತಿದ್ದೆ. ಅಷ್ಟನ್ನೂ ಬಿಡಬೇಕಿತ್ತು. ಕಂಬಳಿ ಅಲುಗಾಡಿತು. ಅವನು ಕಿವಿಗೊಟ್ಟು ನಿಂತಿದ್ದಾನೆಂದು ಗೊತ್ತಾಯಿತು.

ನಾನು "ಇಲ್ಲ" ಎನ್ನಲಿಲ್ಲ. ಅಷ್ಟು ಗಂಡಸುತನವೂ ನನ್ನಲ್ಲಿರಲಿಲ್ಲ. "ಹೊತ್ತಾತು, ಎತ್ತೋಣ್ರಿ" ಎಂದೆ. ಹೋಗಿ ಚಟ್ಟದ ಮುಂದಿನ ಗಳ ಹಿಡಿದೆ.

ಕಂಬಳಿಯ ಹಿಂದಿನಿಂದ ಅವನ ದನಿ ಬಂತು. "ಯಣ್ಣಾ, ಅವ್ವನ ಮುಖ ಹೆಂಗೈತಿ?"

"ಶಾಂತ ಐತೋ" ಎಂದೆ. ಅಂಗಳದಲ್ಲಿ ಹಲಗೆ ವಾದ್ಯ ಬಡಿಯತೊಡಗಿದರು. ಅವನು ಮತ್ತೇನೋ ಕೇಳಿದ, ಕೇಳಿಸಲಿಲ್ಲ.

ಮಣ್ಣು ಕೊಟ್ಟು ಬರುವ ದಾರಿಯಲ್ಲಿ ಹಿರಿಯರು, "ದೊರಿ ಭಾಳ ಗಟ್ಟಿ ಮನಷ್ಯಾ, ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡ್ರಿ" ಎಂದು ಮೆಚ್ಚಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮುದುಕನ ಎದುರು ಅಡ್ಡ ನಿಂತೆ. "ಹೆತ್ತ ತಾಯಿ ಮುಖ ನೋಡಾಕ ಬಿಡದ ಸುಡುಗಾಡು ರಿವಾಜು ನಿಮ್ದು! ಮನಷ್ಯಾರೇನು ನೀವು? ಅವನ್ನ ಜೀವಂತ ಹೂತೀರಿ" ಎಂದು ಚೀರಿದೆ. ಬಾಯಿಗೆ ಬಂದದ್ದೆಲ್ಲ ಬೈದೆ.

ಮುದುಕ ನಿಂತು ಕೇಳಿದ. ಬೈಗುಳ ಮುಗಿದ ಮೇಲೆ, "ನಿನ್ನ ಕೇಳಿದ್ನಲ್ಲೋ. ರುಮಾಲು ಬಿಚ್ಚೂದು ನಿನ್ನ ಬಾಯಾಗ ಇತ್ತು. ನಾವೇನು ನಿನ್ನ ನಾಲಿಗಿ ಹಿಡಕೊಂಡಿದ್ವೇನು?" ಎಂದು ಕೋಲೂರಿಕೊಂಡು ನನ್ನನ್ನು ದಾಟಿ ಹೋದ.

ರಿವಾಜು ಕೆಟ್ಟದ್ದು, ಅದನ್ನು ನಾನು ಸಾಯುವ ತನಕ ಹೇಳುತ್ತೇನೆ. ಆದರೆ ಆ ಕೆಟ್ಟ ರಿವಾಜಿನಲ್ಲೂ ಒಂದು ಕಿಂಡಿ ಇತ್ತು. ಅದನ್ನು ಮುಚ್ಚಿದ್ದು ನಾನು.

ಮನೆಗೆ ಬಂದು ಮೈತೊಳೆದು ಪಡಸಾಲೆಯಲ್ಲಿ ಕೂತೆ. ಕಂಬಳಿ ಬಿಚ್ಚಿದ್ದರು. ತಮ್ಮ ಅವ್ವ ಮಲಗಿದ್ದ ಜಾಗದ ಪಕ್ಕದಲ್ಲಿ ಬಂದು ಕೂತ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಯಣ್ಣಾ, ಮೂಗುತಿ ಬಿಚ್ಚಿದ್ರೇನು?"

ನನಗೆ ಗೊತ್ತಿರಲಿಲ್ಲ.

"ಬಾಯಿ ಮುಚ್ಚಿತ್ತೇನು? ಅಕಿ ನಿದ್ದಿಯಾಗ ಬಾಯಿ ತಕ್ಕೊಂಡ ಮಲಗತಿದ್ಲು, ಅದಕ್ಕ ಕೇಳಿದೆ."

ಅದೂ ಗೊತ್ತಿರಲಿಲ್ಲ. ಅವ್ವನನ್ನು ಹೊತ್ತು ಊರೆಲ್ಲ ದಾಟಿದ್ದೆ, ಕುಣಿಗೆ ಇಳಿಸಿದ್ದೆ, ಮಣ್ಣು ಹಾಕಿದ್ದೆ. ಅವಳ ಮುಖದ ಕಡೆ ಒಮ್ಮೆಯೂ ನೋಡಿರಲಿಲ್ಲ. ನೋಡಿದರೆ ಅವಳು ಕಣ್ಣು ತೆರೆದು, ಮುಖ ತೊಳಕೊಂಡು ಬರಲು ಇಷ್ಟು ವರ್ಷ ಬೇಕಾಯಿತೇನೋ ಎಂದು ಕೇಳಿಯಾಳೆಂದು ಹೆದರಿ, ಅವಳ ಕಾಲ ಬೆರಳುಗಳನ್ನೇ ನೋಡಿಕೊಂಡಿದ್ದೆ. ಅವನಿಗೆ ಸಿಗಬೇಕಾದ ಭಾಗ್ಯವನ್ನು ಕಸಿದುಕೊಂಡು, ಅದನ್ನು ನಾನೂ ಉಪಯೋಗಿಸಲಿಲ್ಲ.

"ನೀ ನೋಡಿಲ್ಲ" ಎಂದ ತಮ್ಮ.

ನಾನು ತಲೆ ಬಗ್ಗಿಸಿದೆ.

ಅವನು ಹೆಂಡತಿಯನ್ನು ಕರೆದ. ಅವ್ವನ ಮೈ ತೊಳೆದವಳು ಅವಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಕಂಬಕ್ಕೆ ಆನಿಕೊಂಡಳು. ಮೂಗುತಿ ಬಿಚ್ಚಲಿಲ್ಲ, ಬಿಗಿಯಾಗಿತ್ತು, ಹಾಗೇ ಬಿಟ್ಟೆವು ಎಂದಳು. ಬಾಯಿ ಸ್ವಲ್ಪ ತೆರೆದಿತ್ತು, ಬಟ್ಟೆ ಕಟ್ಟಿದ ಮೇಲೆ ಮುಚ್ಚಿತು, ಎಡಗಡೆ ತುಟಿ ಮಾತ್ರ ನಗುವಾಗಿನಂತೆ ಮೇಲಕ್ಕೆ ಎದ್ದಿತ್ತು ಎಂದಳು. ಅಷ್ಟರಲ್ಲಿ ನಾನು ಬಗ್ಗಿ ಕೇಳುತ್ತಿರುವುದು ಅವಳ ಕಣ್ಣಿಗೆ ಬಿತ್ತು.

"ಬಾವಾರು ಅಲ್ಲೇ ಇದ್ರಲ್ಲ. ಅವ್ರಿಗ್ಯಾಕ ಇದು?" ಎಂದಳು.

ತಮ್ಮ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ಹೇಳು, ಅವಗೂ ಕೇಳಸ್ಲಿ" ಎಂದ.